ತೊಳೆದರೂ ಉಳಿದ ನೋಟ

ಅಪ್ಪಾ,

ನೀನು ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ ನಿನ್ನ ಕ್ಷಮೆ ಕೇಳಲು ಕೂತಿದ್ದೇನೆ.

ನಮ್ಮ ದ್ವೀಪದ ಮ್ಯೂಸಿಯಂನಲ್ಲಿ ನೀನು ಅಮೃತಶಿಲೆ ತೊಳೆಯುತ್ತಿದ್ದೆ. ದ್ರಾಕ್ಷಿತೋಟ ಅಗೆಯುವಾಗ ಹಳೆಯ ಗೋರಿಯೊಂದರ ಮೇಲಿದ್ದ ಹುಡುಗಿಯ ಪ್ರತಿಮೆ ಸಿಕ್ಕಿತು. ಮೈಗಂಟಿದ್ದೆಲ್ಲ ಕೊಳೆ, ನಮ್ಮ ಪೂರ್ವಿಕರ ಶಿಲ್ಪವೆಂದರೆ ಅಚ್ಚ ಬಿಳುಪು ಎಂದರು ಮೇಲಿನವರು. ನೀನು ಆಸಿಡ್ಡು, ತಂತಿಬ್ರಷ್ಷು ಹಿಡಿದು ಮೂರು ದಿನ ಉಜ್ಜಿದೆ. ಬಕೆಟ್ಟಿನ ನೀರು ಕೆಂಪಾಯಿತೆಂದು ಅಮ್ಮನಿಗೆ ಹೇಳಿದೆಯಂತೆ.

ಆಮೇಲೆ ನೀನು ಆ ಪ್ರತಿಮೆಯನ್ನಿಟ್ಟ ಕೋಣೆಗೆ ಕಾಲಿಡಲೇ ಇಲ್ಲ. "ನೆಲ ಒರೆಸೋಕೆ ಕೂತ್ರೆ ಅವಳು ನನ್ನನ್ನೇ ನೋಡ್ತಾಳೆ," ಅಂದೆ. ಕಲ್ಲಿಗೆಲ್ಲಿಯ ಕಣ್ಣು, ಸ್ತಮಾತಿಸನಿಗೆ ತಲೆ ಕೆಟ್ಟಿದೆ ಎಂದು ಕಾಫಿ ಅಂಗಡಿಯಲ್ಲಿ ನಕ್ಕರು. ಕೆಲಸ ಹೋಯಿತು. ಹನ್ನೆರಡು ವರ್ಷದ ನಾನೂ ಗೆಳತಿಯರ ಮುಂದೆ ನಿನ್ನನ್ನು ಕಂಡು ದಾರಿ ಬದಲಿಸಿದೆ. ನೀನು ಅದನ್ನು ನೋಡಿದೆ.

ಈಗ ಅದೇ ಮ್ಯೂಸಿಯಂನಲ್ಲಿ, ಅಳಿಸಿಹೋದ ಬಣ್ಣಗಳ ಗುರುತು ಹುಡುಕುವುದು ನನ್ನ ಕೆಲಸ. ಕಳೆದ ಮಾರ್ಚ್‌ನಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಆ ಪ್ರತಿಮೆಯ ಮುಖಕ್ಕೆ ನೇರಳಾತೀತ ದೀಪ ಹಿಡಿದೆ. ಬರಿಗಲ್ಲಿನಲ್ಲಿ ಮೆಲ್ಲಗೆ ಹುಬ್ಬು ಮೂಡಿತು, ರೆಪ್ಪೆಯ ಗೆರೆ, ಆಮೇಲೆ ಕಣ್ಣಾಲಿಗಳು. ಅವು ನೇರ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದವು. ಗೋರಿಯ ಮುಂದೆ ಕೂತು ಅಳುವವರಿಗೆಂದು ಬರೆದ ಕಣ್ಣು. ನಾನು ಮಂಡಿಯೂರಿದೆ. ಅವಳು ನನ್ನನ್ನು ನೋಡಿದಳು. ದೀಪ ಆರಿಸಿದ ಮೇಲೂ ಆ ಕತ್ತಲಲ್ಲಿ ಅವಳು ನೋಡುವುದನ್ನು ನಿಲ್ಲಿಸಿದಳು ಅನ್ನಿಸಲಿಲ್ಲ. ಬಣ್ಣ ಹೋದ ಮೇಲೆ ನಿನಗೆ ಬರಿಗಣ್ಣಿಗೆ ಅದು ಹೇಗೆ ಕಂಡಿತೋ, ನನಗಿನ್ನೂ ಗೊತ್ತಿಲ್ಲ.

ಅವಳದೇ ಪ್ಲಾಸ್ಟರ್ ಪ್ರತಿ ಮಾಡಿ ಬಣ್ಣ ಹಚ್ಚಿದೆ. ಕೆಂಪು ಉಡುಪು, ನೀಲಿ ಅಂಚು, ಕಂದು ಕಣ್ಣು. ನೋಡಬಂದವರು, ಜಾತ್ರೆ ಗೊಂಬೆ ಹಾಗಿದೆ, ಬಿಳಿಯದೇ ಚೆನ್ನಾಗಿತ್ತು ಎಂದು ಮೂಗು ಮುರಿದರು. ಅಮ್ಮ ಮಾತ್ರ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಷ್ಟಪಟ್ಟು ಮಂಡಿಯೂರಿ ಬಹಳ ಹೊತ್ತು ತಲೆಯೆತ್ತಿ ನೋಡಿದಳು.

"ನಾನೂ ನಿಮ್ಮಪ್ಪನ್ನ ನಂಬ್ಲಿಲ್ಲ ಕಣೇ," ಎಂದಳು. ಮರುಕ್ಷಣ ನನ್ನ ಮಣಿಕಟ್ಟು ಹಿಡಿದಳು. "ಏಳ್ಸು ನನ್ನ. ಇವ್ಳಿಗೆ ನನ್ನ ಗುರುತಿದೆ."

ಪ್ರತಿಮೆಯ ಪಾದದ ಬಳಿ ಫಲಕ ಹಾಕಿಸಿದ್ದೇನೆ: ಈ ಕಣ್ಣುಗಳನ್ನು ಮೊದಲು ಕಂಡವನು ಸ್ತಮಾತಿಸ್, ಇಲ್ಲಿ ಕಲ್ಲು ತೊಳೆಯುತ್ತಿದ್ದವನು. ಬಗ್ಗಿ ಕೂತರಷ್ಟೇ ಓದಲಾಗುವಷ್ಟು ಕೆಳಗೆ.

ನೀನಿರುವಲ್ಲಿ ನಿನ್ನನ್ನು ಯಾರೂ ಅನುಮಾನದಿಂದ ನೋಡದಿರಲಿ, ಅಪ್ಪಾ.

ಅಂದು ದಾರಿ ಬದಲಿಸಿದ ನಿನ್ನ ಮಗಳು,
ಇವಾಂಥಿಯಾ