ನಿನ್ನ ಪರವಾಗಿ ಉತ್ತರಿಸಿದವಳು

ಇಲೋಯಿಲೊ
ಆಗಸ್ಟ್ ೧೯, ಸೋಮವಾರ

ಹೆರ್ನಾನ್,

ನೀನು ಚೆನ್ನಾಗಿದ್ದೀಯ, ಹೊತ್ತಿಗೆ ಉಣ್ಣುತ್ತಿದ್ದೀಯ ಎಂದು ಮನಾಂಗ್ ಪ್ರೆಸಿ ಹೇಳಿದರು. ಅಷ್ಟು ಗೊತ್ತಾದರೆ ಸಾಕು ಅಂದುಕೊಂಡು ಕೆಲವು ದಿನ ಸುಮ್ಮನಿದ್ದೆ. ಸಾಕಾಗಲಿಲ್ಲ. ನಿನ್ನ ಫೋನು ಇನ್ನೂ ಆಫ್ ಆಗಿಯೇ ಇದೆ, ಹಾಗಾಗಿ ಕಾಗದದಲ್ಲಿ ಬರೆಯುತ್ತಿದ್ದೇನೆ. ನಾಳೆ ಅವರ ಮಾವಿನಹಣ್ಣಿನ ಖಾಲಿ ಬುಟ್ಟಿಗಳ ಜೊತೆ ಇದೂ ದೋಣಿಯಲ್ಲಿ ಗಿಮರಾಸ್ ದ್ವೀಪಕ್ಕೆ ಬರುತ್ತದೆ.

ನಿನ್ನ ಅಕ್ಕ ಪ್ರೆಸಿಯ ಬಾಯಿ ನಿನಗೆ ಗೊತ್ತು. "ನನ್ನನ್ನೇನು ಅಂಚೆಯವಳು ಮಾಡ್ಕೊಂಡಿದೀರಾ?" ಅಂದರು. "ಅವನು ಭೂಮಿಯೆಲ್ಲ ಸುತ್ತಿ ಬಂದು ನನ್ನ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತಿದಾನೆ. ನೀನಿಲ್ಲಿ ಗೋಡೆ ನೋಡ್ತಾ ಕೂತಿದೀಯ. ಮಧ್ಯೆ ಇರೋದು ಇಷ್ಟು ನೀರು. ಈಜ್ಕೊಂಡೇ ಬರಬಹುದು." ಆಮೇಲೆ ದನಿ ತಗ್ಗಿಸಿ, "ಯಾರವಳು?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಅವರು ನಂಬಲಿಲ್ಲ. ಅವರಿಗೆ ಏನೂ ಗೊತ್ತಿಲ್ಲ, ಲಕೋಟೆಗೆ ಅಂಟು ಹಚ್ಚಿ ಕೊಡುತ್ತೇನೆ.

ಡಾಕ್ಟೊರಾ ಗಲ್ವೆಸ್ ಅವರ ಕೋಣೆಯಿಂದ ಎದ್ದುಹೋದ ಸಂಜೆ ನೀನು ಕಳಿಸಿದ ಮೆಸೇಜನ್ನು ಎಷ್ಟು ಸಲ ಓದಿದೆನೋ, ಈಗ ಬಾಯಿಪಾಠವಾಗಿದೆ. "ಹಡಗಲ್ಲಿದ್ದಾಗ ಒಂದು ಬಂದರಲ್ಲಿ ಹತ್ತಿದ್ದು. ಅಡುಗೆಯವನು ಮಾತ್ರೆ ಕೊಟ್ಟ, ಹುಣ್ಣು ಹೋಯ್ತು, ವಾಸಿಯಾಯ್ತು ಅಂದ್ಕೊಂಡು ಮನೆಗೆ ಬಂದೆ. ಮಾರನೇ ದಿನ ನನ್ನ ಜೊತೆ ಹಡಗಲ್ಲಿದ್ದ ದೋದೊಂಗ್ ಫೋನ್ ಮಾಡಿ ತನಗೆ ಸಿಫಿಲಿಸ್ ಅಂತ ಬಂದಿದೆ, ನೀನೂ ನೋಡಿಸ್ಕೋ ಅಂದ. ನಾನು ನೋಡಿಸ್ಕೊಳ್ಳಲಿಲ್ಲ. ಆದ್ರೆ ಅವತ್ತಿಂದ ನಿನ್ನ ಜೊತೆ ಮಲಗಿಲ್ಲ, ಕಾರಿಂಗ್. ಅದೊಂದನ್ನಾದ್ರೂ ಸರಿಯಾಗಿ ಮಾಡಿದೀನಿ."

ಆ ಬಂದರಿನ ಬಗ್ಗೆ ಇಲ್ಲಿ ಕೇಳುವುದಿಲ್ಲ. ಕೇಳುವುದೇ ಇಲ್ಲ ಅಂತಲ್ಲ. ಕೇಳುವಾಗ ನಿನ್ನ ಮುಖ ಎದುರಿಗಿರಬೇಕು. ಈ ಪತ್ರ ಬೇರೆಯದರ ಬಗ್ಗೆ. ಒಂದೇ ಮನೆಯಲ್ಲಿ ಸುಮಾರು ಒಂದು ವರ್ಷ, ಹೇಳಬೇಕಾದವನು ಹೇಳಲಾಗದಂತೆ, ಕೇಳಬೇಕಾದವಳು ಕೇಳದಂತೆ ಹೇಗೆ ಕಳೆದೆವು ಎನ್ನುವುದರ ಬಗ್ಗೆ.

ಮೊದಲ ಸಲ ಡಾಕ್ಟೊರಾ ಹತ್ತಿರ ಹೋದ ದಿನ ನೆನಪಿದೆಯೇ? ಕೆಳಗೆ ಬೇಕರಿ, ಮೇಲೆ ಒಂದೇ ಹಜಾರದಲ್ಲಿ ಅವರಿಗೂ ಹಲ್ಲಿನ ಡಾಕ್ಟರಿಗೂ ಕಾಯುವವರು. ಹಲ್ಲು ನೋವಿನವರು ಯಾರು, ಹಾಸಿಗೆಯ ತೊಂದರೆಯ ನಮ್ಮಂಥವರು ಯಾರು ಅಂತ ಕಂಡುಹಿಡಿಯುವುದೇ ಅಲ್ಲಿನ ಹೊತ್ತುಗಳೆತ. ನೀನು ಕೆನ್ನೆ ಹಿಡಿದುಕೊಂಡು ಕೂತಿದ್ದೆ. ಎದುರಿಗಿದ್ದ ಮುದುಕಿ, "ದವಡೆ ಹಲ್ಲಾ, ಮಗಾ? ಲವಂಗ ಇಟ್ಕೋ" ಅಂದಾಗ ನೀನು ಗಂಭೀರವಾಗಿ ತಲೆಯಾಡಿಸಿದೆ. ನಾನು ನಗು ತಡೆದುಕೊಂಡೆ. ನೀನು ಮನೆಗೆ ಬಂದ ಮೇಲೆ ನನಗೆ ಅಷ್ಟು ನಗು ಬಂದದ್ದು ಅದೇ ಮೊದಲು.

ಒಳಗೆ ಹೋದ ಮೇಲೆ ಆಕೆ ನೀರು ಕುಡಿದು, ಹವಾಮಾನ ಕೇಳುವ ದನಿಯಲ್ಲಿ ಕೇಳಿದರು: "ನೀವಿಬ್ಬರೂ ಏನು ಬಳಸ್ತೀರಿ? ಗರ್ಭ ತಡೆಯೋದಕ್ಕೆ, ಸೋಂಕು ತಡೆಯೋದಕ್ಕೆ." ನೋಡಿದ್ದು ನಿನ್ನನ್ನು. ಉತ್ತರ ಕೊಟ್ಟದ್ದು ನಾನು.

"ಮೂರನೆಯದು ಹುಟ್ಟಿದಾಗಲೇ ಆಪರೇಷನ್ ಆಯ್ತು ಡಾಕ್ಟೊರಾ. ಆ ಅಧ್ಯಾಯ ಮುಗೀತು. ಇವರು ಒಳ್ಳೇವರು, ಹೊರಗಡೆ ಏನೂ ಇಲ್ಲ. ನಮ್ಮ ತೊಂದರೆ ಬೇರೆ."

ಆಕೆ ಕ್ಷಣ ಹೊತ್ತು ನಿನ್ನ ಕಡೆಯೇ ನೋಡುತ್ತಿದ್ದರು. ನೀನು ನನ್ನ ಕೈಚೀಲದ ಹಿಡಿಕೆಯನ್ನು ನೋಡುತ್ತಿದ್ದೆ. ಆಮೇಲೆ ಕೇಳೋಣ ಎಂಬಂತೆ ಪೆನ್ನು ಕೆಳಗಿಟ್ಟು, ಮುಂದಿನ ಪ್ರಶ್ನೆಗೆ ಹೋದರು.

ಹಡಗಿನವರ ಹೆಂಡಂದಿರೆಲ್ಲ ಹೀಗೆಯೇ. ನಿನಗಿದು ಹೊಸದಲ್ಲ. ಬ್ಯಾಂಕಿನಲ್ಲಿ ನಿನ್ನ ಸಹಿಯ ಬದಲು ನನ್ನ ಸಹಿ, ಶಾಲೆಯಲ್ಲಿ ನಿನ್ನ ಅಭಿಪ್ರಾಯದ ಬದಲು ನನ್ನ ಅಭಿಪ್ರಾಯ. ದೀಕ್ಷಾಸ್ನಾನಗಳಲ್ಲಿ ನಿನ್ನ ಜಾಗದಲ್ಲಿ ನಿಂತು ನಿನ್ನ ಪರವಾಗಿ ಪ್ರತಿಜ್ಞೆ ಮಾಡಿದವಳೂ ನಾನೇ. ಅವರಿಗೆ ಇದು ಇಷ್ಟ, ಅವರು ಇದಕ್ಕೆ ಒಪ್ಪುತ್ತಾರೆ, ಅವರಿಗೆ ಇದರಿಂದ ಬೇಸರವಿಲ್ಲ. ಇಪ್ಪತ್ತು ವರ್ಷ ಇಲ್ಲದವನ ಪರವಾಗಿ ಮಾತಾಡಿದವಳಿಗೆ ಅವನು ಪಕ್ಕದಲ್ಲೇ ಕೂತಿರುವಾಗಲೂ ಬಾಯಿ ನಿಲ್ಲುವುದಿಲ್ಲ. ಇದನ್ನು ತಪ್ಪು ಅಂತ ಕರೆಯಲು ನನಗಿನ್ನೂ ಮನಸ್ಸಿಲ್ಲ. ನಾನು ಮಾತಾಡದಿದ್ದರೆ ಆ ಮನೆ ನಡೆಯುತ್ತಿರಲಿಲ್ಲ. ಆದರೂ ಆವತ್ತು ಆ ಪ್ರಶ್ನೆ ನಿನ್ನದಾಗಿತ್ತು. ನಾನು ಒಂದು ಉಸಿರು ತಡೆದಿದ್ದರೆ ನೀನು ಏನನ್ನುತ್ತಿದ್ದೆಯೋ ಎಂದು ಈಗ ದಿನವೂ ಊಹಿಸುತ್ತೇನೆ.

ಆಮೇಲಿನ ವಾರಗಳೇ ವಿಚಿತ್ರ. "ಸದ್ಯಕ್ಕೆ ಕೂಡೋದು ಬೇಡ, ಬರೀ ಕೈಯಿಂದ ಮುಟ್ಟಿ, ಬೆನ್ನು, ತೋಳು, ಪಾದ, ಅಷ್ಟೇ. ಇದು ಮನೆಗೆಲಸ" ಅಂದಿದ್ದರು ಡಾಕ್ಟೊರಾ. ಅಷ್ಟು ದಿನ ನನ್ನ ಪಕ್ಕ ಹಾದುಹೋಗುವಾಗಲೂ ಮೈ ಬಿಗಿಹಿಡಿಯುತ್ತಿದ್ದ ನೀನು ಆ ಮನೆಗೆಲಸಕ್ಕೆ ಕಾದು ಕೂರುತ್ತಿದ್ದೆ. ನನ್ನ ಹಿಮ್ಮಡಿಯ ಬಿರುಕುಗಳಿಗೆ ಎಣ್ಣೆ ಹಚ್ಚಿದೆ. ಅಡುಗೆ ಮಾಡುತ್ತ ಹಾಡಿದೆ. ಮಗಳು ಬಂದು, "ಅಪ್ಪನಿಗೇನಾಗಿದೆ, ಲಾಟರಿ ಹೊಡೀತಾ?" ಅಂದಳು. ಮದ್ದು ಹತ್ತಿತು ಎಂದು ನಾನು ಡಾಕ್ಟೊರಾಗೆ ಬಿಸ್ಕೋಚೊ ರಸ್ಕು ಕಟ್ಟಿಸಿಕೊಂಡು ಹೋದೆ. ಅವರು ನಿಷೇಧ ತೆಗೆದರು. ಆ ವಾರವೇ ನೀನು ಬೆನ್ನು ನೋವೆಂದು ಮತ್ತೆ ಮುಂದಿನ ಕೋಣೆಯ ಬೆಂಚಿಗೆ ಹಾಸಿಗೆ ಎತ್ತಿಕೊಂಡು ಹೋದೆ.

ಬೇಡ ಅಂದಾಗ ನಿನಗೆ ಬಿಡುಗಡೆ, ಸರಿ ಅಂದಾಗ ಸೆರೆ. ಇದನ್ನು ನೋಡಿಯೂ ನಾನು ಓದಿಕೊಂಡ ಅರ್ಥ ಒಂದೇ: ನಾನು ನಿನಗೆ ಬೇಡವಾಗಿದ್ದೇನೆ. ಕನ್ನಡಿಯ ಮುಂದೆ ನಿಂತು ಹೊಟ್ಟೆಯ ಹೊಲಿಗೆಯ ಗುರುತನ್ನು ಎಷ್ಟು ಹೊತ್ತು ನೋಡುತ್ತಿದ್ದೆ ಎಂದು ನಿನಗೆ ಹೇಳಿಲ್ಲ.

ಇನ್ನೊಂದು ವಿಷಯ. ನಿನ್ನ ಕ್ಷೌರದ ಚೀಲದಲ್ಲಿ ಸಿಕ್ಕಿದ ಕಾಂಡೋಮು. ಅದನ್ನು ಊಟದ ಮೇಜಿನ ಮೇಲೆ ನಿನ್ನ ತಟ್ಟೆಯ ಪಕ್ಕ ಇಟ್ಟು, "ಇದು ಯಾರಿಗೆ?" ಅಂದೆ. "ಆಪರೇಷನ್ ಆದ ಹೆಂಡತಿ ಇರೋವನಿಗೆ ಇದು ಯಾತಕ್ಕೆ ಬೇಕು, ನೀನೇ ಹೇಳು" ಅಂದೆ. ನೀನು ಅನ್ನದ ಮೇಲೆ ಸಾರು ಹಾಕಿಕೊಂಡು ಉಂಡು ಎದ್ದೆ. ಅದು ಬೇರೆ ಹೆಂಗಸಿಗೆಂದು ನನಗೆ ಆ ಕ್ಷಣದಲ್ಲೇ ಖಚಿತವಾಗಿತ್ತು. ನನಗಾಗಿ ಇರಬಹುದು ಎಂದು ಹೊಳೆಯಲೇ ಇಲ್ಲ. ಬಸಿರಿನ ಭಯವಿಲ್ಲದ ಮನೆಯಲ್ಲಿ ಅದನ್ನು ಹೊರತೆಗೆಯುವುದೆಂದರೆ ರೋಗವನ್ನು ಒಪ್ಪಿಕೊಂಡ ಹಾಗೆಯೇ. ನೀನು ಅದನ್ನು ಕೊಂಡು, ಚೀಲದಲ್ಲಿಟ್ಟುಕೊಂಡು, ಎಷ್ಟು ದಿನ ಧೈರ್ಯ ಕೂಡಿಸಿಕೊಳ್ಳುತ್ತಿದ್ದೆಯೋ. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಕೊನೆಯ ಭೇಟಿಯ ಬಗ್ಗೆ ನೀನು ಎದ್ದುಹೋಗುವವರೆಗಿನದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನನ್ನ ಕಡೆಯಿಂದ ಅದು ಹೇಗೆ ಕಂಡಿತೆಂದು. ಡಾಕ್ಟೊರಾ ಮೇಜಿನ ಡ್ರಾಯರಿನಿಂದ ಜಪಮಾಲೆಯನ್ನು ಪಕ್ಕಕ್ಕೆ ಸರಿಸಿ ಕಾಂಡೋಮು ತೊಡಿಸಿ ತೋರಿಸುವ ಆ ಮರದ ಗೊಂಬೆಯನ್ನೂ ಪೊಟ್ಟಣಗಳನ್ನೂ ತೆಗೆದರು. ನನಗೆ ನಾಚಿಕೆಯಾಯಿತು, ನಾಚಿಕೆಯಾದಾಗ ನಾನು ತಮಾಷೆ ಮಾಡುತ್ತೇನೆ.

"ನಮಗ್ಯಾಕೆ ಡಾಕ್ಟೊರಾ ಇದೆಲ್ಲ? ನನ್ನ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಅವಸರದ ಹುಡುಗರಿಗೆ ಕೊಡಿ."

ಆಕೆ ನಗಲಿಲ್ಲ. "ಆಪರೇಷನ್ ಮಗುವನ್ನ ತಡೆಯುತ್ತೆ, ಮಿಸೆಸ್. ಸೋಂಕನ್ನಲ್ಲ. ಈ ಮಾತು ನಾನು ಎಲ್ಲ ದಂಪತಿಗಳಿಗೂ ಹೇಳ್ತೀನಿ, ಪಾದ್ರಿಯ ತಂಗಿಗೂ ಹೇಳಿದೀನಿ. ಮೊದಲ ದಿನ ನಿಮಗೂ ಹೇಳಬೇಕಿತ್ತು, ನಿಮ್ಮ ಉತ್ತರ ಕೇಳಿ ಬಿಟ್ಟುಬಿಟ್ಟೆ." ಆಮೇಲೆ ನಿನ್ನ ಕಡೆ ತಿರುಗಿ, "ಮೀನು ಹಿಡಿಯೋ ದೋಣಿ ಆಗ್ಲಿ, ದೊಡ್ಡ ಹಡಗಾಗ್ಲಿ, ತಿಂಗಳುಗಟ್ಟಲೆ ಹೊರಗಿರೋವರನ್ನ ನಾನು ತೀರ್ಪು ಮಾಡೋಕೆ ಕೂತಿಲ್ಲ. ಪರೀಕ್ಷೆ ಯಾವಾಗ ಮಾಡಿಸಿದ್ರಿ? ನೀವೇ ಹೇಳಿ" ಅಂದರು.

ನೀನು ಬಾಯಿ ತೆರೆದೆ. ಅದನ್ನು ನಾನು ನೋಡಿದೆ, ಹೆರ್ನಾನ್. ತುಟಿ ಬಿಚ್ಚಿದ್ದನ್ನು ನೋಡಿದೆ. ಅಷ್ಟರಲ್ಲಿ ನಾನು, "ಕಂಪನಿಯವರೇ ಪ್ರತಿ ಸಲ ಮಾಡಿಸ್ತಾರಲ್ಲ" ಅಂದುಬಿಟ್ಟೆ.

ನೀನು ಎದ್ದೆ. ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿದೆ, ಕ್ಷಮಿಸಿ ಅಂದೆ, ಹೋದೆ. ಬಾತ್ರೂಮಿಗೆ ಹೋಗಿದ್ದೀಯ ಅಂದುಕೊಂಡು ನಾನು ಕಾಯುತ್ತ ಕೂತೆ. ಕೆಳಗಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಡಾಕ್ಟೊರಾ ತುಂಬ ಹೊತ್ತಿನ ಮೇಲೆ, "ಅವರು ದೋಣಿ ಹತ್ತಿರ್ತಾರೆ ಅನ್ಸುತ್ತೆ" ಅಂದರು.

ನೀನೊಬ್ಬನೇ ಹೋಗಿದ್ದ ದಿನ ಅವರಿಗೆ ಏನಾದರೂ ಹೇಳಿದ್ದೆಯಾ ಎಂದು ಕೇಳಿದೆ. "ಒಬ್ಬೊಬ್ಬರೇ ಬಂದಾಗ ಹೇಳಿದ್ದು ಈ ಕೋಣೆ ದಾಟಲ್ಲ. ನಿಮ್ಮದೂ ದಾಟಿಲ್ಲ" ಅಂದರು. ನನ್ನದು ಏನಿತ್ತು ಎಂದು ನೀನು ಯೋಚಿಸಬಹುದು. ನೀನು ಇಲ್ಲದ ವರ್ಷಗಳೇ ನನಗೆ ಸುಲಭ ಅನ್ನಿಸುತ್ತಿದ್ದವು ಎಂದು ಹೇಳಿದ್ದೆ. ಅದು ಆಗ ನಿಜವಾಗಿತ್ತು.

ಹೊರಡುವಾಗ ಆಕೆ ಎಲ್ಲರಿಗೂ ಕೊಡುವ ಚೀಟಿಯನ್ನೇ ನನಗೂ ಕೊಟ್ಟರು, ರಕ್ತಪರೀಕ್ಷೆಗೆ. ಮಾರನೆಯ ದಿನ ಹೋಗಿ ಕೊಟ್ಟು ಬಂದೆ. ಆಮೇಲೆ ಇನ್ನೊಮ್ಮೆ ಒಬ್ಬಳೇ ಹೋಗಿ ಕೂತು, ನಿನ್ನ ಮೆಸೇಜು ತೋರಿಸಿ, ಅಷ್ಟು ದಿನ ಕೇಳಬೇಕಿದ್ದನ್ನೆಲ್ಲ ಕೇಳಿದೆ. ಹುಣ್ಣು ತಾನಾಗಿ ಮಾಯುತ್ತದಂತೆ, ರೋಗ ಒಳಗೇ ಉಳಿಯುತ್ತದಂತೆ. ಅಡುಗೆಯವನ ಮಾತ್ರೆಗೆ ಔಷಧಿ ಎನ್ನುವ ಹೆಸರು ಯಾಕೆ ಬಂತೋ. ಬೇಕಾದದ್ದು ಪೆನಿಸಿಲಿನ್ ಸೂಜಿ. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಕೆಲವು. ಇಬ್ಬರಿಗೂ ನೋಡಬೇಕು, ವಾಸಿಯಾಗುವ ತನಕ ಕೂಡಬಾರದು, ಆಮೇಲೂ ಮತ್ತೆ ಪರೀಕ್ಷೆ ಮಾಡಿಸಿ ಖಾತ್ರಿಯಾಗುವವರೆಗೆ ಕಾಂಡೋಮು ಬೇಕು. "ಅಷ್ಟೇನಾ?" ಅಂದೆ. "ಔಷಧಿ ಅಷ್ಟೇ" ಅಂದರು ಆಕೆ.

ಆ ಉತ್ತರವನ್ನು ಹೊತ್ತುಕೊಂಡು ಮೆಟ್ಟಿಲಿಳಿದೆ. ನಮ್ಮಿಬ್ಬರ ನಡುವೆ ಮಲಗಿದ್ದು ಒಂದು ಸೂಜಿಗೆ ಹೋಗುವಂಥದ್ದು ಎಂದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಕಳೆದುಹೋದ ವರ್ಷಕ್ಕೆ ಒಂದು ಮರ್ಯಾದೆ ಇರುತ್ತಿತ್ತು.

ಈಗ ಕೇಳುತ್ತಿರುವುದು ಇಷ್ಟು. ಮುಂದಿನ ತಿಂಗಳು ಮನಿಲಾದಲ್ಲಿ ನಿನ್ನ ಕಂಪನಿಯ ವೈದ್ಯಕೀಯ ಪರೀಕ್ಷೆ. ಅಲ್ಲಿ ಅಪರಿಚಿತನೊಬ್ಬ ಹೇಳುವ ಮೊದಲು ಇಲ್ಲಿ ತಿಳಿದುಕೊ, ಇಲ್ಲೇ ಸೂಜಿ ಹಾಕಿಸಿಕೊ. ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಡಾಕ್ಟೊರಾ ನಮಗೆ ಹೊತ್ತು ಕೊಟ್ಟಿದ್ದಾರೆ. ನೀನು ಬಂದರೆ ನಾನು ಹಜಾರದಲ್ಲೇ ಕೂರುತ್ತೇನೆ, ಒಳಗೆ ಬಾ ಅಂದರೆ ಬರುತ್ತೇನೆ. ಆಮೇಲೆ ನೀನು ಮನೆಗೆ ಬರುತ್ತೀಯೋ ಗಿಮರಾಸಿಗೇ ಹೋಗುತ್ತೀಯೋ ಅದನ್ನು ನಿನ್ನ ಪರವಾಗಿ ನಾನು ಹೇಳುವುದಿಲ್ಲ. ನನ್ನ ಪರವಾಗಿಯೂ ಈಗಲೇ ಏನೂ ಹೇಳಲಾರೆ. ಸಿಟ್ಟು ಇದೆ. ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಆದರೆ ಪಕ್ಕದಲ್ಲಿ ನಿನ್ನ ತಟ್ಟೆ ಇಲ್ಲದೆ ಅನ್ನ ಬಡಿಸಿಕೊಂಡು ಕೂತರೆ ಕೈ ನಿಂತುಹೋಗುತ್ತದೆ.

ಉಳಿದೆಲ್ಲ ಸರಿಯಾಗಿದೆ. ಮಕ್ಕಳು ಕೇಳಿದರೆ ಅಪ್ಪ ಪ್ರೆಸಿ ಅತ್ತೆಯ ಮನೆಯ ಮಾಡು ರಿಪೇರಿಗೆ ಹೋಗಿದ್ದಾನೆ ಎನ್ನುತ್ತೇನೆ. ಆದರೆ ಒಂದೆರಡು ತಗಡಾದರೂ ಬದಲಾಯಿಸು, ಮುಂದೆ ಅವರು ನೋಡಲು ಬಂದಾರು.

ನಿನ್ನ
ಕಾರಿದಾದ್

ತಾ.ಕ.: ಇದನ್ನು ಬರೆಯದೆ ಲಕೋಟೆ ಮುಚ್ಚೋಣವೆಂದಿದ್ದೆ, ಯಾಕೆಂದರೆ ನಿನ್ನ ಮೆಸೇಜಿನ ಕೊನೆಯ ಸಾಲು ನಿನಗೆ ಉಳಿದಿರುವ ಒಂದೇ ಆಸರೆ ಎಂದು ನನಗೆ ಗೊತ್ತು. ನನ್ನ ರಕ್ತದಲ್ಲೂ ಇದೆ. ಮೊದಲ ಸೂಜಿ ಆಯಿತು, ನೋವಿದೆ, ಮಿಕ್ಕಂತೆ ಚೆನ್ನಾಗಿದ್ದೇನೆ, ಗಾಬರಿಯಾಗಬೇಡ. ನನಗೆ ಹತ್ತಿದ್ದು ದೋದೊಂಗ್ ಫೋನ್ ಮಾಡುವುದಕ್ಕೆ ಮುಂಚೆ, ನೀನು ಬಂದಿಳಿದ ರಾತ್ರಿ. ಬೇರೆ ಯಾವ ರಾತ್ರಿಯೂ ಇಲ್ಲವಲ್ಲ. ಆ ರಾತ್ರಿಯನ್ನು ನಾನು ಇಷ್ಟು ದಿನ ನಮ್ಮ ಕೊನೆಯ ಒಳ್ಳೆಯ ರಾತ್ರಿ ಎಂದು ಇಟ್ಟುಕೊಂಡಿದ್ದೆ. ಫಲಿತಾಂಶ ಓದಿದ ಮೇಲೆ ಅದು ಬದಲಾಗುತ್ತದೆ ಅಂದುಕೊಂಡೆ. ಬದಲಾಗಿಲ್ಲ.