ಬುರುಜಿನ ಮೇಲೆ ಕೂಗಿದ ಹೆಸರು

ಜಾರ್ಜಿಯಾ, ರಷ್ಯಾ ದೇಶ
14-9-1987

ಕಾಗವಾಡದ ತೋಟದ ಮನೆಯಲ್ಲಿರುವ ಅತ್ತೆಯವರಿಗೆ ರುಕ್ಮವ್ವನ ನಮಸ್ಕಾರಗಳು.

ದ್ರಾಕ್ಷಿ ಬೆಳೆಗಾರರ ತಂಡದಲ್ಲಿ ಬಂದ ನಾವೆಲ್ಲ ಆರಾಮ ಇದ್ದೇವೆ. ನನ್ನ ಮಂಡಿನೋವು ಇಳಿದಿದೆ. ನಾನು ಬರುವ ತನಕ ಬಳ್ಳಿ ಸವರಿಸಬೇಡಿ.

ನಿನ್ನೆ ಗುಡ್ಡದ ಮೇಲಿನ ಹಳೆಯ ಕೋಟೆ ತೋರಿಸಿದರು. ಏಳುನೂರು ವರ್ಷಗಳ ಹಿಂದೆ ಶತ್ರುಗಳು ಅದನ್ನು ಮುತ್ತಿದ್ದರಂತೆ. ದಿನಾ ಸಂಜೆ ಕಾವಲಿನವರು ಬುರುಜಿನಿಂದ ತಮ್ಮ ತಮ್ಮ ಹೆಸರು ಕೂಗುವುದು ಅಲ್ಲಿಯ ಪದ್ಧತಿ. ಒಬ್ಬೊಬ್ಬರೇ ಸತ್ತಂತೆ ಅವರವರ ಹೆಂಡತಿಯರು ಮಬ್ಬಿನಲ್ಲಿ ನಿಂತು, ದನಿ ದಪ್ಪ ಮಾಡಿ, ಗಂಡನ ಹೆಸರು ಕೂಗಿದರು. ಕೆಳಗೆ ಎಣಿಸುತ್ತಿದ್ದ ಶತ್ರುಗಳಿಗೆ ಒಂದು ಹೆಸರೂ ಕಡಿಮೆಯಾಗಲಿಲ್ಲ. ಇದು ಬೀಳುವ ಕೋಟೆಯಲ್ಲ ಎಂದು ಅವರು ಹಿಮ ಬೀಳುವ ಮುಂಚೆ ದಂಡು ತೆಗೆದುಕೊಂಡು ಹೋದರಂತೆ.

ನಮ್ಮ ಜೊತೆ ಬಂದಿರುವ ರಾಯಬಾಗದ ದಾದಾಸಾಹೇಬರು ನಕ್ಕರು. “ನಮ್ಮ ಕಡೆ ಹೆಣ್ಮಕ್ಕಳಾಗಿದ್ರ ಕ್ವಾಟಿ ಎರಡ ದಿನಕ್ಕ ಹೋಗತಿತ್ತ ನೋಡ್ರಿ ಅಕ್ಕಾರ. ಗಂಡನ ಹೆಸರ ಯಾರ ಹೇಳತಾರ?”

ನಾನು ನಗಲಿಲ್ಲ. ಮದುವೆಮನೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ನಿಮ್ಮ ಮಗನ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ. ಅವರು ತೀರಿಕೊಂಡ ಮೇಲೆ ನೀವೂ ಎತ್ತಿಲ್ಲ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರು ಕೇಳಿಲ್ಲ.

ಎಲ್ಲರೂ ಕೆಳಗಿಳಿದ ಮೇಲೆ ನಾನು ಬುರುಜಿನ ತುದಿಗೆ ಹೋಗಿ ಕೂಗಿದೆ. ಮುರಗೆಪ್ಪ ಎಂದು, ಮೂರು ಸಲ.

ತಪ್ಪಾಗಿದ್ದರೆ ಬಂದ ಮೇಲೆ ಬೈಯಿರಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ನಿಮಗೆ ಓದಿಹೇಳುವವರು ಯಾರೇ ಇರಲಿ, ಆ ಹೆಸರನ್ನು ಮಾತ್ರ ಗಟ್ಟಿಯಾಗಿ ಓದಲು ಹೇಳಿ.

ನಿಮ್ಮ ಸೊಸೆ,
ರುಕ್ಮವ್ವ