ಬರ್ತೀನಿ ಅಂದಿದ್ದಾರೆ

ಏಪ್ರಿಲ್ 16, ಬೆಳಿಗ್ಗೆ

ಮತ್ತೆ ದಡದ ಮೇಲೆ. ಇವರು ಬೆಳಗಾಗುತ್ತಲೇ ದೋಣಿ ಹತ್ತಿ ಹೋದರು. ಬೆನ್ನಿಗೆ ಸಿಲಿಂಡರ್, ಕಾಲಿಗೆ ಬಾತುಕೋಳಿ ಪಾದ, ಮುಖದಲ್ಲಿ ಪಿಕ್‌ನಿಕ್‌ಗೆ ಹೊರಟ ಐದನೇ ಕ್ಲಾಸಿನ ಹುಡುಗನ ಕಳೆ. ನನಗೆ ಪ್ಲಾಸ್ಟಿಕ್ ಕುರ್ಚಿ, ಎಳನೀರು, ಈ ಡೈರಿ. ಅಂಡಮಾನಿನ ಹ್ಯಾವ್ಲಾಕ್ ದ್ವೀಪಕ್ಕೆ ಬಂದು ನೀರಿಗಿಳಿಯಲಾಗದ ಹೆಂಗಸಿಗೆ ಮಾಡಲು ಬೇರೆ ಕೆಲಸವಿಲ್ಲ.

ನನಗೂ ಆಸೆಯಿತ್ತು. ಮೊದಲ ದಿನವೇ ಬಲಗಿವಿ ಕೈಕೊಟ್ಟಿತು. ಮೂಗು ಮುಚ್ಚಿ ಗಾಳಿ ಊದಿದರೆ ಕಿವಿ ಟಪ್ಪೆಂದು ಬಿಟ್ಟುಕೊಳ್ಳಬೇಕಂತೆ. ನನ್ನದು ಬಿಟ್ಟುಕೊಳ್ಳಲಿಲ್ಲ. ಆಳುದ್ದ ಇಳಿಯುವಷ್ಟರಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಹುಜೈಫಾ ಕೈಹಿಡಿದು ಮೇಲಕ್ಕೆ ಕರೆತಂದ. ಇಲ್ಲಿ ಡೈವಿಂಗ್ ಹೇಳಿಕೊಡುವವನು. ನಮ್ಮ ಬೆಂಗಳೂರಿನ ಆರ್.ಟಿ. ನಗರದವನೇ, ಅದಕ್ಕೇ ಇವರಿಗೆ ಅವನ ಮೇಲೆ ಅಷ್ಟು ಪ್ರೀತಿ; ಅವನಿಗೆ ಇವರು ಪುನೀತ್ ಗುರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಕೆಲವ್ರ ಕಿವಿ ಹಂಗೇ. ಸಮುದ್ರ ಎಲ್ರಿಗೂ ಆಗ್ಬರಲ್ಲ," ಎಂದ.

ಇವರಿಗೆ ಆಗಿಬಂತು. ಶನಿವಾರ ವಾಪಸ್. ಅಲ್ಲಿಯವರೆಗೆ ಕುರ್ಚಿ.

ಏಪ್ರಿಲ್ 18

ಶನಿವಾರ ಇಲ್ಲ. ಟಿಕೆಟ್ ಮುಂದಕ್ಕೆ ಹಾಕಿಸಿದ್ದಾರೆ. ಕೇಳಿ ಮಾಡಲಿಲ್ಲ, ಮಾಡಿ ಹೇಳಿದರು.

"ಇನ್ನೊಂದ್ ಕೋರ್ಸ್ ಇದೆ ಕಣೇ, ಇನ್ನೂ ಆಳಕ್ಕೆ ಹೋಗ್ಬೋದು. ನಿಂಗೂ ಸ್ಕೂಲ್ ರಜ ತಾನೇ? ಅಟ್ಟೂರ್ ಮನೇಲಿ ಕೂತ್ಕೊಂಡು ಏನ್ ಮಾಡ್ತೀಯ?"

ಮಾಡುವುದೇನಿಲ್ಲ, ನಿಜ. ಆದರೂ... ಅತ್ತೆಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಅಂಥಾದ್ದೇನೈತವ್ವ ಆ ನೀರ್ನಾಗೆ?"

ಮೀನು ಅತ್ತೆ, ಬಣ್ಣಬಣ್ಣದ ಮೀನು, ಎಂದೆ.

"ಮೀನ್ ನೋಡಾಕೆ ಅಷ್ಟ್ ದೂರ ಓಗ್ಬೇಕಾ? ಯಲಹಂಕದಾಗೆ ಸಿಗಾಕಿಲ್ವಾ?"

ಇಬ್ಬರೂ ನಕ್ಕೆವು. ಇವರಿಗೆ ಹೇಳಿದೆ. ಇವರು ನಗಲಿಲ್ಲ. ಕೈಯಲ್ಲಿ ಮೀನಿನ ಚಿತ್ರಗಳ ಪುಸ್ತಕ.

ಏಪ್ರಿಲ್ 25, ಮಧ್ಯಾಹ್ನ

ಶೋರೂಮಿನಿಂದ ಫೋನ್. ಎತ್ತಲಿಲ್ಲ. ಮತ್ತೆ ಬಂತು. ದಿಂಬಿನ ಕೆಳಗಿಟ್ಟರು.

ಹೆಬ್ಬಾಳದ ಕಾರ್ ಶೋರೂಮಿನಲ್ಲಿ ಇವರು ಸರ್ವೀಸ್ ಅಡ್ವೈಸರ್. ಎಂದರೆ ಕಾರು ಕೆಟ್ಟವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಬಂದು ಬೈಯುವ ಕೌಂಟರ್. ಮನೆಗೆ ಬಂದಾಗಲೂ ಕಿವಿಯಲ್ಲಿ ಅದೇ ಗಲಾಟೆ ಅನ್ನುತ್ತಿದ್ದರು. ಊಟಕ್ಕೆ ಕೂತಾಗ ನಾನು ಸ್ಟಾಫ್ ರೂಮಿನ ಸುದ್ದಿ ತೆಗೆಯುತ್ತಿದ್ದೆ. ಊಂ, ಊಂ ಅನ್ನುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ.

ಇವತ್ತು ಊಟವಾದ ಮೇಲೆ ತಾವಾಗಿಯೇ ಮಾತಾಡಿದರು. "ಕೆಳಗೆ ಯಾರೂ ಮಾತಾಡಲ್ಲ ಕಣೇ. ಎಲ್ಲಾ ಕೈಯಲ್ಲೇ. ನಮ್ಮ ಉಸಿರಿಂದ್ ಸದ್ದು ಒಂದೇ. ಎಷ್ಟ್ ನೆಮ್ಮದಿ ಗೊತ್ತಾ?"

ಗೊತ್ತಿಲ್ಲ. ನಾನು ಕನ್ನಡ ಟೀಚರ್. ಮಾತೇ ನನ್ನ ಹೊಟ್ಟೆಪಾಡು. ಆ ಗಲಾಟೆಯಲ್ಲಿ ನನ್ನದೂ ಸೇರಿತ್ತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೌದು ಎಂದುಬಿಟ್ಟರೆ?

ಮೇ 4

ಬರೆಯಲು ಮನಸ್ಸೇ ಬರಲಿಲ್ಲ ಇಷ್ಟು ದಿನ. ಬರೆಯಲು ಏನೂ ಇರಲೂ ಇಲ್ಲ. ದೋಣಿ ಹೋಯಿತು, ದೋಣಿ ಬಂತು.

ನಿನ್ನೆ ಮಾತ್ರ ರಾಧಾನಗರ ಬೀಚಿಗೆ ಹೋಗಿದ್ದೆವು, ಇಬ್ಬರೇ. ಕೈ ಹಿಡಿದುಕೊಂಡು ನಡೆದರು. ಮದುವೆಯಾದ ಹೊಸದರಲ್ಲಿ ವಿದ್ಯಾರಣ್ಯಪುರದ ದೇವಸ್ಥಾನಕ್ಕೆ ಹೋದಾಗ ಹಿಡಿದದ್ದು, ಆಮೇಲೆ ನಿನ್ನೆಯೇ. ಮಕ್ಕಳಾಗಲಿಲ್ಲ, ಅದರ ಮಾತನ್ನು ಇಬ್ಬರೂ ನಿಲ್ಲಿಸಿ ಕಾಲವಾಯಿತು. ಅದರ ಜೊತೆಗೆ ಇನ್ನೂ ಏನೇನು ನಿಂತುಹೋಯಿತೋ, ನಾವು ಗಮನಿಸಲಿಲ್ಲ. ನಿನ್ನೆ ಕೈ ಹಿಡಿದಾಗ ಎಷ್ಟು ಖುಷಿಯಾಯಿತೆಂದರೆ ನನಗೇ ನಾಚಿಕೆಯಾಯಿತು.

ಆಮೇಲೆ ನೀರಿನ ಕಡೆ ನೋಡುತ್ತಾ ಅಂದರು: "ನೀನ್ ಒಂದೇ ಒಂದ್ಸಲ ಕೆಳಗ್ ಬಂದಿದ್ರೆ ಗೊತ್ತಾಗ್ತಿತ್ತು."

ಕೈ ನನ್ನ ಕೈಯಲ್ಲೇ ಇತ್ತು. ಮನುಷ್ಯ ಇರಲಿಲ್ಲ. ಸವತಿ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಸಮುದ್ರದ ಜುಟ್ಟು ಹಿಡಿಯುವುದು ಎಲ್ಲಿ?

ಮೇ 11

ಕೆಲಸ ಬಿಟ್ಟರು. ವಾಟ್ಸಾಪಿನಲ್ಲಿ. ಎರಡು ಸಾಲು ಬರೆದು, ಕಳಿಸಿ, ಫೋನ್ ಕುರ್ಚಿಯ ಮೇಲಿಟ್ಟು ನೀರಿಗೆ ಹೋದರು.

ಅತ್ತೆಗೆ ಹೇಳಿಲ್ಲ.

ಮೇ 20, ಸಂಜೆ

ಮಳೆ ಹಿಡಿದಿದೆ. ಗಾಳಿ ಎಂದರೆ ಗಾಳಿ. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು ಕಟ್ಟಿದ್ದಾರೆ. ನನಗೆ ಒಳಗೊಳಗೇ ಹಬ್ಬ. ಇನ್ನು ನೀರಿಗಿಳಿಯುವ ಹಾಗಿಲ್ಲ, ಇನ್ನು ಊರಿಗೆ ಹೊರಡಲೇಬೇಕು. ಬಟ್ಟೆ ಮಡಿಸಿಟ್ಟೆ. ಇವರು ಬಾಗಿಲಲ್ಲಿ ಕೂತು ಸಮುದ್ರ ನೋಡುತ್ತಿದ್ದರು.

ಹುಜೈಫಾ ಚಹಾ ಅಂಗಡಿಯಲ್ಲಿ ಸಿಕ್ಕಿದ. "ಮುಂದಿನ್ ತಿಂಗ್ಳು ನಾನೂ ಊರಿಗೆ ಮೇಡಂ. ಇಲ್ಲಿ ಇನ್ನೇನ್ ಕೆಲ್ಸ? ಗುರು ಒಬ್ರೇ ಇಲ್ಲೇ ಇರ್ತೀನಿ ಅಂತಿದಾರೆ, ನಮ್ ಡೈವಿಂಗ್ ಸ್ಟೋರ್ ನೋಡ್ಕೊಂಡು... ನಿಮ್ಗೆ ಹೇಳಿರ್ಬೇಕಲ್ಲ?"

ಹೇಳಿದ್ದಾರೆ ಎಂದೆ. ಸುಳ್ಳು. ಚಹಾ ಹಾಗೇ ಬಿಟ್ಟು ಬಂದೆ.

"ಡೈವಿಂಗೇ ಇಲ್ಲ. ಮತ್ತೆ ಇಲ್ಲೇನ್ ಮಾಡ್ತೀರ ರೀ?"

"ಅಕ್ಟೋಬರ್‌ಗೆ ಮತ್ತೆ ಶುರುವಾಗತ್ತೆ."

"ನನ್ ಸ್ಕೂಲ್ ಜೂನ್‌ಗೆ ಶುರುವಾಗತ್ತೆ."

ಇವರು ಮಳೆ ನೋಡುತ್ತಾ ಕೂತರು. ನೀನೂ ಇರು ಎಂದು ಒಂದು ಮಾತು ಅಂದಿದ್ದರೆ ಸ್ಕೂಲನ್ನೂ ಬಿಟ್ಟು ಇದ್ದುಬಿಡುತ್ತಿದ್ದೆನೋ ಏನೋ. ಹೋಗು ಎಂದೂ ಅನ್ನಲಿಲ್ಲ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಶೋರೂಮಿನ ಕೌಂಟರಿನಲ್ಲಿ ಕೂತ ಹಾಗೆ ಸುಮ್ಮನೆ ಕೇಳಿಸಿಕೊಂಡರು.

ಮೇ 28, ಫೆರ್ರಿಯಲ್ಲಿ

ಬರೆಯಲೇಬೇಕು. ಅಕ್ಷರ ಕುಣಿಯುತ್ತಿವೆ, ಅಲೆ ಜೋರಾಗಿದೆ.

ಜೆಟ್ಟಿಯವರೆಗೆ ಬ್ಯಾಗ್ ಹೊತ್ತು ತಂದರು. ಬಿಸ್ಕತ್ತು, ನೀರಿನ ಬಾಟಲಿ, ವಾಂತಿಯಾದರೆ ಇರಲೆಂದು ನಿಂಬೆಹಣ್ಣು. ಕಿಟಕಿ ಪಕ್ಕ ಕೂತ್ಕೋ ಎಂದರು. ಇಷ್ಟೇ ಮಾತು. ನಾನು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ಮಳೆಯಲ್ಲಿ ಹಾಗೇ ನಿಂತಿದ್ದಾರೆ, ಕೈ ಎತ್ತಲೂ ಇಲ್ಲ. ಮುಗಿಯಿತು ಅನ್ನಿಸಿತು.

ಸಿಗ್ನಲ್ ಹೋಗುವ ಮುಂಚೆ ಫೋನ್ ಸದ್ದಾಯಿತು. ಒಂದೇ ಪದ.

ಬರ್ತೀನಿ.

ಎಷ್ಟು ಸಲ ಓದಿದೆನೋ. ನಮ್ಮಲ್ಲಿ ಹೊರಟವರು ಬರ್ತೀನಿ ಅನ್ನುತ್ತಾರೆ, ಉಳಿದವರು ಹೋಗ್ಬಾ ಅನ್ನುತ್ತಾರೆ. ಹೊರಟವಳು ನಾನು. ಉಳಿದವರು ಬರ್ತೀನಿ ಅಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಇಷ್ಟು ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಬಾಯಿಬಿಟ್ಟು ಹೇಳಲಾಗಲಿಲ್ಲ ಪಾಪ, ಬರೆದರು. ಅತ್ತುಬಿಟ್ಟೆ. ಸುತ್ತ ಎಲ್ಲರೂ ವಾಂತಿ ಮಾಡಿಕೊಳ್ಳುತ್ತಿದ್ದರು, ಅಳುವವಳನ್ನು ಯಾರು ನೋಡುತ್ತಾರೆ?

ಜೂನ್ 2, ಅಟ್ಟೂರು

ಸ್ಕೂಲ್ ಶುರು. ಮನೆಯಲ್ಲೂ ಪಾಠ ಶುರು. ಅತ್ತೆಗೆ ಎಲ್ಲ ಹೇಳಿದೆ, ಕೆಲಸ ಬಿಟ್ಟದ್ದೂ ಸೇರಿ.

"ಗಂಡನ್ನ ನೀರ್ ತಾವ ಬುಟ್ಟು ಒಬ್ಳೇ ಬಂದ್ಯಾ?" ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಮ್ಮತ್ತೆ ದ್ರೌಪದಮ್ಮ ಅಂದರೆ ಬೀದಿಯಲ್ಲೆಲ್ಲ ಗಟ್ಟಿಗಿತ್ತಿ ಎಂದೇ ಹೆಸರು. ಅಳುವುದನ್ನು ನಾನು ನೋಡಿದ್ದು, ಮಾವ ತೀರಿಕೊಂಡಾಗ ಒಂದು ಸಲ.

"ಬರ್ತೀನಿ ಅಂದಿದ್ದಾರೆ ಅತ್ತೆ."

"ಅಂಗಂತ ಅಂದ್ನಾ? ಬಾಯಲ್ಲಿ?"

ಮೆಸೇಜ್ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ನನಗೆ ಮುದ್ದೆ ಬಡಿಸಿದರು.

ಜೂನ್ 15

ಸ್ಟಾಫ್ ರೂಮಿನಲ್ಲಿ ಕೇಳಿದರೆ, ಬರ್ತೀನಿ ಅಂದಿದ್ದಾರೆ. ಎದುರು ಮನೆಯ ರಾಣಿ ಕೇಳಿದರೆ, ಬರ್ತೀನಿ ಅಂದಿದ್ದಾರೆ. ಹಾಲಿನವನು ಮುನಿಶಾಮಿ ಕೇಳಿದರೂ ಅದೇ. ನನಗೇ ಬಾಯಿಪಾಠವಾಗಿದೆ.

ಇವರ ಬೈಕ್ ಸರ್ವೀಸಿಗೆ ಕೊಟ್ಟು ತಂದೆ. ಬ್ಯಾಟರಿ ಇಳಿದುಹೋಗಿತ್ತು. ಶರ್ಟುಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಸಿದೆ. ಫೋನ್ ಮಾಡಿದರೆ ಎತ್ತುತ್ತಾರೆ, ಮಳೆ ಜೋರು ಅನ್ನುತ್ತಾರೆ, ಅಮ್ಮ ಹೆಂಗಿದಾಳೆ ಅನ್ನುತ್ತಾರೆ. ಯಾವಾಗ ಎಂದು ನಾನು ಕೇಳುವುದಿಲ್ಲ. ಬರುವವರನ್ನು ಪೀಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಭಯ.

ಜುಲೈ 6, ಭಾನುವಾರ

ಹುಜೈಫಾ ಬಂದಿದ್ದ. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ. ಅಮ್ಮ ಸುಗ್ರಾ ಕೊಟ್ಟು ಕಳಿಸಿದ್ದೆಂದು ಖೀರಿನ ಡಬ್ಬಿ. ಅತ್ತೆ ಮಗನೇ ಬಂದ ಹಾಗೆ ಖುಷಿಪಟ್ಟು ಚಕ್ಕುಲಿ ತಂದಿಟ್ಟರು. ಅವನು ತಿನ್ನಲಿಲ್ಲ. ಬಾಗಿಲ ಕಡೆಯೇ ನೋಡುತ್ತಿದ್ದ.

"ಮೇಡಂ, ಪುನೀತ್ ಗುರು ಬಟ್ಟೆ, ಡಿಗ್ರಿ ಸರ್ಟಿಫಿಕೇಟ್ ಎಲ್ಲಾ ಇಸ್ಕೊಂಡ್ ಬಾ ಅಂದ್ರು. ನಾನ್ ವಾಪಸ್ ಹೋಗೋವಾಗ ತಗೊಂಡ್ ಹೋಗ್ಬೇಕಂತೆ. ಅಲ್ಲೇ ರೂಮ್ ಮಾಡಿದಾರಲ್ಲ..."

ನನ್ನ ಮುಖ ನೋಡಿ ನಿಲ್ಲಿಸಿದ.

"ಸಾರಿ ಮೇಡಂ. ನಿಮ್ಗೆ ಗೊತ್ತಿದೆ ಅನ್ಕೊಂಡೆ."

ಏನನ್ನೂ ಕೊಡಲಿಲ್ಲ. ಇನ್ನೊಂದು ದಿನ ಬಾ ಎಂದೆ. ಅತ್ತೆ ಅಡುಗೆಮನೆಯಲ್ಲಿದ್ದರು. ಪಾತ್ರೆಯ ಸದ್ದು ನಿಂತಿತ್ತು.

ಜುಲೈ 7

ಮಧ್ಯಾಹ್ನದ ಬಿಡುವಿನಲ್ಲಿ, ಸ್ಕೂಲಿನ ಹಿಂದೆ ನೀರಿನ ಟ್ಯಾಂಕ್ ಹತ್ತಿರ ನಿಂತು ಫೋನ್ ಮಾಡಿದೆ.

"ಬರ್ತೀನಿ ಅಂದಿದ್ರಲ್ಲ?"

"ಯಾವಾಗ?"

"ಫೆರ್ರಿ ಹೊರಟಾಗ. ಮೆಸೇಜ್ ಹಾಕಿದ್ರಲ್ಲ ರೀ."

ಆ ಕಡೆ ಮಳೆಯ ಸದ್ದು.

"ಅದು... ಹೋಗೋವಾಗ ಅಂತಾರಲ್ಲ ಕಣೇ. ಹಂಗ್ ಅಂದಿದ್ದು."

"ಹೋಗಿದ್ದು ನಾನು. ನೀವಲ್ಲ."

"ನೀನು ಮನೆಗ್ ಹೋದೆ, ತೇಜು." ತುಂಬಾ ಮೆತ್ತಗೆ ಹೇಳಿದರು. "ಹೊರಟೋನು ನಾನೇ ಅಲ್ವಾ."

ಆಮೇಲೆ ಅವರೇ ಅಂದರು: "ಎದುರಿಗೆ ನಿಂತು ಹೇಳಕ್ಕಾಗ್ಲಿಲ್ಲ. ನಿಂಗ್ ಅರ್ಥ ಆಗಿರತ್ತೆ ಅನ್ಕೊಂಡೆ. ಕನ್ನಡ ಟೀಚರ್ ಅಲ್ವಾ ನೀನು."

ಚುಚ್ಚಿ ಹೇಳಿದ್ದಲ್ಲ. ನಂಬಿಕೊಂಡೇ ಹೇಳಿದರು. ಸಿಟ್ಟಿನಲ್ಲಿ ಅಂದಿದ್ದರೆ ನಾಳೆ ಇಳಿಯುತ್ತದೆ ಎಂದು ಕಾಯಬಹುದಿತ್ತು. ಈ ಮನುಷ್ಯ ಸಿಟ್ಟಾಗಿಲ್ಲ. ನೆಮ್ಮದಿಯಾಗಿದ್ದಾರೆ. ಅದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ.

ಬೆಲ್ ಹೊಡೆಯಿತು. ಎಂಟನೇ ಕ್ಲಾಸಿಗೆ ಕ್ರಿಯಾಪದ ಮಾಡಿಸಬೇಕಿತ್ತು. ಬಿಟ್ಟು ಸಮಾಸ ಮಾಡಿಸಿದೆ.

ಜುಲೈ 9

ಮೇಲಿನ ಪುಟಗಳನ್ನು ಓದಿದೆ. ಎಲ್ಲಾ ಕಡೆ ಇವರು, ಇವರು. ಮೊನ್ನೆಯದರಲ್ಲಿ ನನಗೇ ಗೊತ್ತಿಲ್ಲದೆ ಅವರು ಎಂದು ಬರೆದಿದ್ದೇನೆ. ತಿದ್ದಲಿಲ್ಲ.

ಬದುಕಿರುವವರಿಗಾಗಿ ಅಳುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಜನ ಬರುವುದಿಲ್ಲ, ಊಟ ತರುವುದಿಲ್ಲ. ರಾಣಿ ಕೇಳಿದಳು, ಬರ್ತೀನಿ ಅಂದಿದ್ದಾರೆ ಎಂದೆ.

ಜುಲೈ 12

ಅತ್ತೆ ತಾವೇ ಮಾತು ತೆಗೆದರು. ನೆನೆಸಿದ ಅವರೆಕಾಳು ಇದುಕುತ್ತಾ, ನನ್ನ ಮುಖ ನೋಡದೆ.

"ಅವ್ನು ಬರಾಕಿಲ್ಲ. ಅಲ್ವೇನವ್ವ?"

ಇಲ್ಲ ಅತ್ತೆ, ಎಂದೆ. ಮೊದಲ ಸಲ ಬಾಯಿಂದ ಹೊರಗೆ ಬಂದದ್ದು. ಅಷ್ಟೇ ಸಾಕಾಯಿತು, ನೆಲದ ಮೇಲೇ ಕೂತು ಅತ್ತುಬಿಟ್ಟೆ. ಅತ್ತೆ ಬೈಯಬಹುದು ಅಂದುಕೊಂಡೆ. ನೀನೇ ಬಿಟ್ಟು ಬಂದೆ ಎನ್ನಬಹುದು. ಕಾಳು ಇದುಕುವುದನ್ನು ನಿಲ್ಲಿಸಲಿಲ್ಲ.

"ಯಲಹಂಕದಿಂದ ನಿಮ್ಮಮ್ಮ ಫೋನ್ ಮಾಡಿದ್ಳು," ಅಂದರು. "ಸೊಲ್ಪ ದಿನ ಕಳ್ಸ್ಕೊಡಿ ಅಂದ್ಳು. ಓಗೋದಾದ್ರೆ ಓಗವ್ವ. ನಾನ್ ಬ್ಯಾಡ ಅನ್ನಾಕಿಲ್ಲ. ಯಾವ್ ಬಾಯಲ್ಲಿ ಬ್ಯಾಡ ಅನ್ಲಿ?"

ಇದುಕಿದ ಕಾಳನ್ನು ಸಿಪ್ಪೆಯ ಕಡೆಗೆ, ಸಿಪ್ಪೆಯನ್ನು ಕಾಳಿನ ಕಡೆಗೆ ಹಾಕುತ್ತಿದ್ದರು.

ಜುಲೈ 14, ಸ್ಟಾಫ್ ರೂಮ್

ಇವತ್ತು ಬೆಳಿಗ್ಗೆ. ಡಬ್ಬಿ ಕಟ್ಟಿದೆ, ಚಪ್ಪಲಿ ಹಾಕಿಕೊಂಡೆ. ಬ್ಯಾಗ್ ಸ್ವಲ್ಪ ದೊಡ್ಡದು, ತಿದ್ದಬೇಕಾದ ಪೇಪರ್ ಇದ್ದವು. ಯಾವಾಗಲೂ ಅಡುಗೆಮನೆಯಿಂದಲೇ "ಊಂ, ಓಗ್ಬಾ" ಎಂದು ಕೂಗುವ ಅತ್ತೆ ಗೇಟಿನವರೆಗೆ ಬಂದರು. ಬ್ಯಾಗ್ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತರು. ನಾನು ಏನನ್ನುತ್ತೇನೆಂದು ಕಾಯುತ್ತಿದ್ದರು.

ಈ ಮನೆಗೆ ಬಂದಾಗಿನಿಂದ ದಿನವೂ ಅನ್ನುವ ಮಾತು. ಬಾಯಿ ತೆರೆದೆ. ಆ ಪದ ಬರಲಿಲ್ಲ. ಅಂದರೂ ಯಾವ ಅರ್ಥದಲ್ಲಿ ಅಂದೇನು, ನನಗೇ ತಿಳಿಯಲಿಲ್ಲ. ಬಸ್ ಬಂದ ಸದ್ದಾಯಿತು.

"ಬಸ್ ಬಂತು ಅತ್ತೆ," ಎಂದೆ.

ಗೇಟಿನ ಚಿಲಕ ಹಿಡಿದುಕೊಂಡೇ ಇದ್ದರು, ಬಿಡಲಿಲ್ಲ.

"ಸಂಜೆ ಬತ್ತೀಯೇನವ್ವ?"

ನಾನು, "ರಾತ್ರಿಗೆ ನಂಗೂ ಮುದ್ದೆ ಇಡಿ ಅತ್ತೆ," ಎಂದು ಬಸ್ಸಿಗೆ ಓಡಿದೆ.